"ರೂಲ್ ಬರೆದುಕೊಡಿ, ಕೋಡ್ ತಾನೇ ಬರುತ್ತೆ" ಅನ್ನೋರ ಹತ್ತಿರ ಹುಷಾರಾಗಿರಿ

ದಯವಿಟ್ಟು ಪೂರ್ತಿ ಓದಿ. ಅರವತ್ತು ಸಾವಿರ ಅಡ್ವಾನ್ಸ್ ಹೋಯ್ತು, ಓನರ್ ಮುಂದೆ ನನ್ನ ಮಾನವೂ ಹೋಯ್ತು. ಈ ಬಿಲ್ಲಿಂಗ್ ಸಾಫ್ಟ್‌ವೇರನ್ನೇ ತಗೊಳ್ಳೋಣ ಅಂತ ಹಟ ಹಿಡಿದವಳು ನಾನೇ.

ನಮ್ಮದು ಬೆಂಗಳೂರಲ್ಲಿ ಎಲೆಕ್ಟ್ರಿಕಲ್ ಸಾಮಾನಿನ ಹೋಲ್‌ಸೇಲ್. ಸಾಫ್ಟ್‌ವೇರ್ ಮಾರೋಕೆ ಬಂದೋರು, ಬಿಲ್ಲಿಂಗ್ ನಿಯಮಗಳನ್ನ ಎಕ್ಸೆಲ್ ಟೇಬಲ್‌ನಲ್ಲಿ ಬರೆದುಕೊಟ್ಟರೆ ಸಾಕು, ನಮ್ಮ ಟೂಲ್ ಓದಿ ಪ್ರೋಗ್ರಾಮ್ ಬರೆಯುತ್ತೆ, ಮನುಷ್ಯರ ಕೈ ತಾಗೋದೇ ಇಲ್ಲ ಅಂದ್ರು. ಮೂರು ರಾತ್ರಿ ಕೂತು 41 ಸಾಲು ಬರೆದೆ. ಜಿಎಸ್‌ಟಿ ನಂಬರ್ 15 ಅಕ್ಷರ, ಮೊದಲೆರಡು ರಾಜ್ಯದ ಕೋಡ್, ಆಮೇಲಿನ ಹತ್ತು ಪ್ಯಾನ್. ಇನ್‌ವಾಯ್ಸ್ ನಂಬರ್ 16 ಅಕ್ಷರ ಮೀರಬಾರದು. ಪ್ಲೇಸ್ ಆಫ್ ಸಪ್ಲೈ (ಮಾಲು ಹೋಗೋ ರಾಜ್ಯ) 29, ಅಂದ್ರೆ ಕರ್ನಾಟಕ ಆದ್ರೆ ತೆರಿಗೆ ಕೇಂದ್ರಕ್ಕೆ ಅರ್ಧ, ರಾಜ್ಯಕ್ಕೆ ಅರ್ಧ: ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ. ಬೇರೆ ರಾಜ್ಯ ಆದ್ರೆ ಪೂರ್ತಿ ಒಂದೇ ತೆರಿಗೆ, ಐಜಿಎಸ್‌ಟಿ.

ಡೆಮೊದಲ್ಲಿ ಬಟನ್ ಒತ್ತಿದ್ರು, ಸರಸರ ಅಂತ ಕೋಡ್ ಬಂತು. ಅವರದೇ ಟೇಬಲ್, ಅವರದೇ ಲ್ಯಾಪ್‌ಟಾಪ್. ನಮ್ಮ ಟೇಬಲ್ ಹಾಕಿ ತೋರಿಸಿ ಅಂತ ಕೇಳೋಕೆ ನನಗೆ ಹೊಳೆಯಲೇ ಇಲ್ಲ. ನಮ್ಮದು ಬರೋಕೆ ಹನ್ನೊಂದು ದಿನ ಹಿಡೀತು. ಬಟನ್ ಒತ್ತೋಕೆ ಹನ್ನೊಂದು ದಿನ! ಆಗಲೇ ಅನುಮಾನ ಬರಬೇಕಿತ್ತು.

ರಿಟರ್ನ್ ಹಾಕಿ, ತೆರಿಗೆ ಕಟ್ಟಿ ಆದಮೇಲೆ ಆಡಿಟರ್ ಫೋನ್. "ಏನಮ್ಮಾ, ರಾಜಾಜಿನಗರದ ಗಿರಾಕಿಗೆ ಐಜಿಎಸ್‌ಟಿ ಹಾಕಿದ್ದೀರ? ಹೊಸೂರಿಗೆ ಕಳಿಸಿದ ಮಾಲಿಗೆ ಸಿಜಿಎಸ್‌ಟಿ, ಎಸ್‌ಜಿಎಸ್‌ಟಿ 9 ಪ್ಲಸ್ 9 ಹಾಕಿದ್ದೀರ?" ನೋಡಿದ್ರೆ ಜಿಎಸ್‌ಟಿ ನಂಬರ್ ಇಲ್ಲದ ಗಿರಾಕಿಗಳ ಬಿಲ್ಲೆಲ್ಲ ಹಾಗೇ. ಕೈ ನಡುಗುತ್ತಿತ್ತು. ಕೋಡ್ ಫೈಲ್ ತೆಗೆದೆ. ನಂಬರ್ ಖಾಲಿ ಇದ್ದಾಗ ನೋಡೋ ಸಾಲಿನಲ್ಲಿ ನಮ್ಮ ರಾಜ್ಯ ಅಂತ ಇದ್ದದ್ದು 33. ತಮಿಳುನಾಡು! ಅದಕ್ಕೇ ಹೊಸೂರು ನಮ್ಮ ರಾಜ್ಯ ಆಗಿತ್ತು, ರಾಜಾಜಿನಗರ ಬೇರೆ ರಾಜ್ಯ. ಪಕ್ಕದಲ್ಲೇ ಒಂದು ಕಾಮೆಂಟ್: "ನಾಳೆ ಸರ್‌ನ ಕೇಳಬೇಕು." ಟೂಲ್ ಹೀಗೆ ಬರೆಯಲ್ಲ. ಬೇರೆ ಯಾರದೋ ಕೋಡ್ ಕಾಪಿ ಮಾಡಿ ಕೈಯಲ್ಲೇ ತಿದ್ದಿ ಕೊಟ್ಟಿದ್ದಾರೆ. ಆ ಸಾಲನ್ನ ಎಷ್ಟು ಸಲ ಓದಿದೆನೋ.

ಫೋನ್ ಮಾಡಿದ್ರೆ, "ನಿಮ್ಮ ರೂಲೇ ತಪ್ಪಿರುತ್ತೆ ಮೇಡಂ." ನನ್ನ ಟೇಬಲ್‌ನ 17ನೇ ಸಾಲಿನ ಫೋಟೊ ಕಳಿಸಿದೆ, 29 ಅಂತ ಸ್ಪಷ್ಟವಾಗಿದೆ. ಆಗ, "ಅದು ಸೆಮಿ ಆಟೋಮ್ಯಾಟಿಕ್ ಮೇಡಂ, ಡೆಮೊದಲ್ಲೇ ಹೇಳಿದ್ವಿ." ಹೇಳಿಲ್ಲ. ಒಂದು ಸಲವೂ ಹೇಳಿಲ್ಲ. ಮಾರನೇ ದಿನ, "ಚೇಂಜ್ ರಿಕ್ವೆಸ್ಟ್ ಹಾಕಿ, 12 ಸಾವಿರ ಆಗುತ್ತೆ." ತಪ್ಪು ಅವರದು, ದುಡ್ಡು ನಾವು ಕೊಡಬೇಕಂತೆ! ಈಗ ಫೋನೇ ಎತ್ತಲ್ಲ.

ಯಾರಾದ್ರೂ ಇಂಥದ್ದು ಮಾರೋಕೆ ಬಂದ್ರೆ ನಿಮ್ಮದೇ ಟೇಬಲ್ ಕೊಡಿ, ಒಂದು ನಂಬರ್ ಬದಲಾಯಿಸಿ, ನಿಮ್ಮ ಕಣ್ಣ ಮುಂದೆಯೇ ಬಟನ್ ಒತ್ತಿಸಿ. "ಆಫೀಸಿಗೆ ಹೋಗಿ ಕಳಿಸ್ತೀವಿ" ಅಂದ್ರೆ ಒಂದು ರೂಪಾಯಿ ಕೊಡಬೇಡಿ. ಜಿಎಸ್‌ಟಿ ನಂಬರ್ ಇಲ್ಲದ ಬಿಲ್ ಒಂದನ್ನಾದ್ರೂ ಹಾಕಿ ನೋಡಿ.

ಸಿಜಿಎಸ್‌ಟಿ ಕಾಯ್ದೆಯ ಸೆಕ್ಷನ್ 77, ಐಜಿಎಸ್‌ಟಿ ಕಾಯ್ದೆಯ ಸೆಕ್ಷನ್ 19ರ ಪ್ರಕಾರ ಸರಿಯಾದ ತೆರಿಗೆ ಮೊದಲು ಕಟ್ಟಿ, ತಪ್ಪಾಗಿ ಕಟ್ಟಿದ್ದಕ್ಕೆ ರೀಫಂಡ್ ಹಾಕಿ ಅಂತಿದ್ದಾರೆ ಆಡಿಟರ್. ಒಟ್ಟು 38 ಬಿಲ್. ಇವತ್ತೂ ಅಂಗಡಿ ಮುಚ್ಚಿದ ಮೇಲೆ ಕೂತಿದ್ದೀನಿ, ಹದಿನಾಲ್ಕು ಮುಗಿದಿದೆ.