ಸಮುದ್ರಕ್ಕೆ ಕ್ಯಾಮೆರಾ ಇಳಿಸೋ ಮುಂಚೆ ಆ ರಬ್ಬರ್ ರಿಂಗ್ ನೋಡಿ

38 ಸಾವಿರದ ಕ್ಯಾಮೆರಾ ಹೋಯಿತು. ಕಾರಣ ಒಂದು ರೇಷ್ಮೆ ಎಳೆ. ನಗಬೇಡಿ, ನಿಜ.

ನಮ್ಮದು ಶಿಡ್ಲಘಟ್ಟ. ಮನೆ ಹಿಂದೆಯೇ ಗೂಡು ಬಿಚ್ಚಿ ನೂಲು ತೆಗೆಯುತ್ತೇವೆ. ಬಟ್ಟೆ, ಹಾಸಿಗೆ, ತಲೆಗೂದಲು, ಎಲ್ಲದರ ಮೇಲೂ ಎಳೆ ಇರುತ್ತದೆ. ಅಭ್ಯಾಸವಾಗಿ ಕಣ್ಣಿಗೂ ಬೀಳುವುದಿಲ್ಲ. ಮುರುಡೇಶ್ವರದ ಹತ್ತಿರದ ನೇತ್ರಾಣಿ ದ್ವೀಪಕ್ಕೆ ಹೊರಡುವ ಹಿಂದಿನ ರಾತ್ರಿ ಅದೇ ಹಾಸಿಗೆ ಮೇಲೆ ಕೂತು ಕ್ಯಾಮೆರಾವನ್ನು ಹೌಸಿಂಗ್‌ನೊಳಗೆ ಇಟ್ಟು ಮುಚ್ಚಿದೆ.

ಹೌಸಿಂಗ್ ಅಂದರೆ ನೀರು ಹೋಗದ ಗಟ್ಟಿ ಪ್ಲಾಸ್ಟಿಕ್ ಪೆಟ್ಟಿಗೆ. ಸೆಕೆಂಡ್ ಹ್ಯಾಂಡ್, 6,500 ರೂಪಾಯಿ. ‘40 ಮೀಟರ್ ತನಕ ಏನೂ ಆಗಲ್ಲ ಸಾರ್’ ಅಂದ ಮಾರಿದವನು. ಪೆಟ್ಟಿಗೆಗೆ ಏನೂ ಆಗಲಿಲ್ಲ ಬಿಡಿ. ಆದರೆ ನೀರು ತಡೆಯುವುದು ಬಾಗಿಲ ಸುತ್ತ ಕೂತಿರುವ ಓ-ರಿಂಗ್ ಅನ್ನೋ ತೆಳು ರಬ್ಬರ್ ಬಳೆ. ಅದು ಹಳೆಯದಾಗಿ ಚಪ್ಪಟೆಯಾಗಿತ್ತು. ಹೊಸದು ಹಾಕಬೇಕಿತ್ತು. ನಾನು ದೋಸೆಗೆ ಬೆಣ್ಣೆ ಸವರಿದ ಹಾಗೆ ವ್ಯಾಸಲೀನ್ ಬಳಿದೆ. ಎರಡು ತಪ್ಪು ಒಟ್ಟಿಗೆ. ಪೆಟ್ರೋಲಿಯಂ ಜೆಲ್ಲಿ ಕೆಲವು ಬಗೆಯ ರಬ್ಬರನ್ನು ಹಾಳುಮಾಡುತ್ತದೆ. ಹೌಸಿಂಗ್ ಕಂಪನಿಯವರು ಹೇಳಿದ ಗ್ರೀಸನ್ನೇ ಹಾಕಬೇಕು. ಅದೂ ರಿಂಗ್ ಮಿನುಗುವಷ್ಟು, ಸಾಕು. ಗ್ರೀಸ್ ನೀರು ತಡೆಯುವುದಿಲ್ಲ, ರಿಂಗ್ ಸಲೀಸಾಗಿ ಕೂರಲು ಅದು. ಜಾಸ್ತಿಯಾದರೆ ಧೂಳು, ಕೂದಲು, ನಮ್ಮನೆಯಲ್ಲಾದರೆ ರೇಷ್ಮೆ, ಎಲ್ಲ ಅಂಟಿಕೊಳ್ಳುತ್ತದೆ.

ಮುರುಡೇಶ್ವರದಿಂದ ದೋಣಿಯಲ್ಲಿ ಹೋದೆವು. ನೀನು ಹೊಸಬ, ಡೈವಿಂಗ್‌ನಲ್ಲಿ ಕ್ಯಾಮೆರಾ ಹಿಡಿಯಬೇಡ ಅಂದರು ಅಲ್ಲಿನವರು. ಸರಿ, ಸ್ನಾರ್ಕಲಿಂಗ್‌ಗೆ (ಕೊಳವೆಯಲ್ಲಿ ಉಸಿರಾಡುತ್ತ ನೀರಿನ ಮೇಲ್ಗಡೆಯೇ ಈಜುವುದು) ಅಂತ ಕೈಯಲ್ಲಿ ಹಿಡಿದೇ ದೋಣಿಯಿಂದ ಧುಮುಕಿದೆ. ನೀವು ಹಾಗೆ ಮಾಡಬೇಡಿ. ಮೊದಲು ನೀವು ಇಳಿಯಿರಿ, ಆಮೇಲೆ ಮೇಲಿರುವವರ ಕೈಯಿಂದ ಇಸಿದುಕೊಳ್ಳಿ. ಎರಡೇ ನಿಮಿಷ, ಗಾಜಿನ ಒಳಗೆ ಸಣ್ಣ ಗುಳ್ಳೆ. ಆಮೇಲೆ ಅರ್ಧ ಇಂಚು ನೀರು.

ಆಳಕ್ಕೆ ಹೋದರೆ ತಾನೇ ನೀರು ನುಗ್ಗೋದು ಅಂದುಕೊಂಡಿದ್ದೆ. ಪ್ರತಿ 10 ಮೀಟರಿಗೆ ಸುಮಾರು ಒಂದು ವಾತಾವರಣದಷ್ಟು, ಅಂದರೆ ದಡದಲ್ಲಿ ಗಾಳಿ ನಮ್ಮನ್ನು ಒತ್ತುವಷ್ಟು, ಒತ್ತಡ ಹೆಚ್ಚುತ್ತದೆ, ನಿಜ. ಆದರೆ ಆ ಒತ್ತಡವೇ ಬಾಗಿಲನ್ನು ರಿಂಗ್ ಮೇಲೆ ಬಿಗಿಯಾಗಿ ಅದುಮುತ್ತದೆ. ಮೇಲ್ಗಡೆ ಆ ಬಿಗಿ ಇರುವುದಿಲ್ಲ. ರಿಂಗ್ ಕೆಳಗೆ ಒಂದು ಎಳೆ ಸಿಕ್ಕಿದರೂ ಅದೇ ದಾರಿ.

ಮುಂದಿನ ದಡ್ಡತನಕ್ಕೆ ನನಗೆ ಈಗಲೂ ನಾಚಿಕೆ. ಬ್ಯಾಟರಿ ಕೂಡ ತೆಗೆಯದೆ ಟವೆಲಲ್ಲಿ ಒರೆಸಿ, ರಾತ್ರಿಯಿಡೀ ಬಸ್ಸಲ್ಲಿ ಬಂದು, ಅಕ್ಕಿ ಡಬ್ಬಕ್ಕೆ ಹಾಕಿದೆ. ‘ಅದೇ ಅಕ್ಕಿ ನಾನು ಅನ್ನ ಮಾಡ್ಬೇಕಾ?’ ಅಂತ ಅಮ್ಮ ಬೈದರು. ಅಕ್ಕಿ ಉಪ್ಪನ್ನು ಎಳೆಯುವುದಿಲ್ಲ. ಉಪ್ಪುನೀರಿನಲ್ಲಿ ಕರೆಂಟ್ ಸಲೀಸಾಗಿ ಹರಿಯುತ್ತದೆ, ಬ್ಯಾಟರಿ ಒಳಗಿದ್ದಷ್ಟು ಹೊತ್ತೂ ಲೋಹ ತಿಂದುಹೋಗುತ್ತಿರುತ್ತದೆ. ತೆಗೆದು ನೋಡಿದಾಗ ಬ್ಯಾಟರಿ ಕೂರುವ ಜಾಗದಲ್ಲಿ ಹಸಿರು ಕಿಲುಬು. ದೋಣಿಯಲ್ಲೇ ಬ್ಯಾಟರಿ, ಕಾರ್ಡ್ ತೆಗೆದು ಸಿಹಿನೀರಲ್ಲಿ ತೊಳೆದಿದ್ದರೆ ಒಂದು ಆಸೆಯಾದರೂ ಇರುತ್ತಿತ್ತು. ಸರ್ವಿಸ್‌ನವರು ‘ನೀರು ಹೋಗಿದೆ, ವಾರಂಟಿ ಇಲ್ಲ’ ಅಂದರು.

ಫೋನ್‌ಗೆ ಐಪಿ68 (ನೀರು, ಧೂಳು ತಡೆಯುವ ದರ್ಜೆ) ಇದೆ ಅಂತ ಸಮುದ್ರಕ್ಕೆ ಇಳಿಸೋರಿಗೂ ಒಂದು ಮಾತು: ಆ ಪರೀಕ್ಷೆ ಸಿಹಿನೀರಲ್ಲಿ ಮಾಡಿದ್ದು.

ಹೌಸಿಂಗ್ ಕೊಂಡರೆ ಮೊದಲ ದಿನವೇ ಕ್ಯಾಮೆರಾ ಇಲ್ಲದೆ, ಒಳಗೆ ಟಿಶ್ಯೂ ಪೇಪರ್ ಇಟ್ಟು, ಬಕೆಟ್ ನೀರಲ್ಲಿ ಅರ್ಧ ಗಂಟೆ ಅದುಮಿಡಿ. ಗುಂಡಿಗಳನ್ನೂ ಒತ್ತಿ ನೋಡಿ, ಅಲ್ಲೂ ಪುಟ್ಟ ರಿಂಗ್‌ಗಳಿರುತ್ತವೆ. ಸಮುದ್ರದಿಂದ ಬಂದ ಮೇಲೆ ಮುಚ್ಚಿದ ಪೆಟ್ಟಿಗೆಯನ್ನೇ ಸಿಹಿನೀರಲ್ಲಿ ನೆನೆಸಿ, ಉಪ್ಪು ಗಟ್ಟಿಯಾಗುವ ಮುಂಚೆ.

ರಿಂಗ್ ಬಿಚ್ಚಿದಾಗ ಎಳೆ ಅಲ್ಲೇ ಅಂಟಿತ್ತು. ಅಪ್ಪ ಕನ್ನಡಕ ಹಾಕಿ, ಬೆಳಕಿಗೆ ಹಿಡಿದು ನೋಡಿ ‘ಒಳ್ಳೆ ಗೂಡಿಂದೇ ಕಣೋ’ ಅಂದರು.