ಬೀದರಿನ ಥಂಡಿಗೆ ಎಂಥ ಡೌನ್ ಜಾಕೆಟ್?

ಡಿಸೆಂಬರ್, ಜನವರಿಯ ಚಳಿ ಹೆಚ್ಚಿದ ಮುಂಜಾನೆಗಳಲ್ಲಿ ಬೀದರಿನಲ್ಲಿ 10–12 ಡಿಗ್ರಿಗೆ ಇಳಿಯುವುದುಂಟು. ಉತ್ತರದ ಗಾಳಿ ಜೋರಾದ ದಿನಗಳಲ್ಲಿ ಒಂದಂಕಿಗೂ ಇಳಿಯುತ್ತದೆ. ಅದೇ ದಿನ ಮಧ್ಯಾಹ್ನ 28 ಡಿಗ್ರಿ ಬಿಸಿಲು. ಹೆಣ್ಣುಮಕ್ಕಳ ಡೌನ್ ಪಾರ್ಕಾ (ಹಕ್ಕಿಯ ಮೃದು ತುಪ್ಪಳ ತುಂಬಿದ, ಟೊಪ್ಪಿಗೆಯಿರುವ ಉದ್ದ ಕೋಟು) ಎಂದು ಆನ್‌ಲೈನಿನಲ್ಲಿ ಹುಡುಕಿದರೆ ಎದುರಾಗುವ ಮೊಣಕಾಲುದ್ದದ, ಟೊಪ್ಪಿಗೆಗೆ ತುಪ್ಪಳದ ಅಂಚು ಹಚ್ಚಿದ ಭಾರಿ ಕೋಟುಗಳು ಮೈನಸ್ 15, ಮೈನಸ್ 20ರ ಊರುಗಳಿಗೆ ಹೊಲಿದವು. ಅವನ್ನು ಹಾಕಿಕೊಂಡು ಊರ ನಡುವಿನ ಚೌಬಾರಾ ಗೋಪುರದಿಂದ ಕೋಟೆಯ ತನಕ ನಡೆದರೆ ಒಳಗೆಲ್ಲ ಬೆವರು, ಒಂಬತ್ತು ಗಂಟೆಯ ಮೇಲೆ ತೋಳಿಗೆ ಹೊರೆ. ಹಾಗಂತ ಡೌನ್ ಇಲ್ಲಿಗೆ ಬೇಡವೇ ಬೇಡ ಎನ್ನುವವರ ಮಾತೂ ಸರಿಯಲ್ಲ. ಡೌನಿಗೆ ದೊಡ್ಡ ಶತ್ರು ತೇವ, ನಮ್ಮ ಕಡೆಯ ಚಳಿಗಾಲ ಒಣ. ಮಲೆನಾಡಿನ ಇಬ್ಬನಿಯಲ್ಲಿ ಸೊರಗುವ ಸರಕು ಬೀದರಿನ ಗಾಳಿಯಲ್ಲಿ ಚೆನ್ನಾಗಿಯೇ ದುಡಿಯುತ್ತದೆ. ಬೇಕಾದದ್ದು ತೆಳುವಾದ, ಸೊಂಟ ದಾಟಿ ಅರ್ಧ ತೊಡೆಗೆ ಬರುವ, 80ರಿಂದ 120 ಗ್ರಾಂ ಡೌನ್ ತುಂಬಿದ ಜಾಕೆಟ್. ಅದಕ್ಕಿಂತ ದಪ್ಪದ್ದಕ್ಕೆ ಇಲ್ಲಿ ಹಣ ಹಾಕುವುದು ದಂಡ.

ಮೊದಲು ಅಸಲಿ, ನಕಲಿ. ಡೌನ್ ಅಂದರೆ ಬಾತುಕೋಳಿ ಅಥವಾ ಹೆಬ್ಬಾತಿನ ಎದೆಯ ಮೇಲೆ, ಹೊರಗಿನ ಪುಕ್ಕದ ಅಡಿಯಲ್ಲಿ ಇರುವ, ಕಡ್ಡಿಯಿಲ್ಲದ ಮೃದು ತುಪ್ಪಳ. ಅದರ ಎಳೆಗಳ ನಡುವೆ ಗಾಳಿ ನಿಲ್ಲುತ್ತದೆ, ಬೆಚ್ಚಗಿಡುವುದು ಆ ನಿಂತ ಗಾಳಿ. ಕಲಬುರಗಿಯ ಬಟ್ಟೆ ಬಜಾರಿನಲ್ಲಾಗಲಿ, ಥಂಡಿ ಶುರುವಾದೊಡನೆ ಎದ್ದುನಿಲ್ಲುವ ಸ್ವೆಟರ್ ಮಳಿಗೆಗಳಲ್ಲಾಗಲಿ ‘ಡೌನ್ ಜಾಕೆಟ್’ ಎಂದು ಸಾವಿರ, ಒಂದೂವರೆ ಸಾವಿರಕ್ಕೆ ಕೊಡುವುದು ಪಾಲಿಯೆಸ್ಟರ್ ನಾರು ತುಂಬಿದ್ದು. ಅದೂ ಬೆಚ್ಚಗಿರುತ್ತದೆ, ತಪ್ಪಿಲ್ಲ. ಆದರೆ ಡೌನಿನ ಬೆಲೆ ಕೊಟ್ಟು ಅದನ್ನು ತರಬಾರದು. ತೆಳು ಜಾಕೆಟ್ಟೇ ಆದರೂ ಅಸಲಿ ಡೌನಿನದು ನಾಲ್ಕೈದು ಸಾವಿರಕ್ಕಿಂತ ಕೆಳಗೆ ಸಿಗುವುದು ಅಪರೂಪ.

ಒಳಗಿನ ಎಡಬದಿಯ ಹೊಲಿಗೆಯಲ್ಲಿರುವ ಚೀಟಿ ಓದಿ. ಹೊರಬಟ್ಟೆ, ಅಸ್ತರು, ತುಂಬಿದ ಸರಕು, ಮೂರನ್ನೂ ಬೇರೆಬೇರೆಯಾಗಿ ಬರೆದಿರಬೇಕು. ‘90% ಡಕ್ ಡೌನ್, 10% ಫೆದರ್’ ಎಂದಿದ್ದರೆ ಒಳ್ಳೆಯ ಸರಕು, 80–20 ಇದ್ದರೂ ನಡೆಯುತ್ತದೆ. ಪುಕ್ಕದ ಪಾಲು ಅದಕ್ಕಿಂತ ಹೆಚ್ಚಿದರೆ ಜಾಕೆಟ್ ಭಾರ, ಕಡ್ಡಿಗಳು ಬಟ್ಟೆ ತೂರಿ ಹೊರಬರುತ್ತವೆ. ‘ಡೌನ್ ಕಾಟನ್’, ‘ಡೌನ್ ಟೈಪ್’, ‘ಡೌನ್ ಆಲ್ಟರ್ನೇಟಿವ್’ ಎಂದಿದ್ದರೆ ಒಳಗಿರುವುದು ನಾರು. ಚೀಟಿಯನ್ನು ನಂಬದಿದ್ದರೆ ಕೈಯನ್ನು ನಂಬಿ: ಹೊಲಿಗೆಯ ಗೆರೆಗಳ ನಡುವೆ ಉಬ್ಬಿರುವ ಒಂದು ಅಂಕಣವನ್ನು ಎರಡು ಬೆರಳಲ್ಲಿ ಗಟ್ಟಿಯಾಗಿ ಹಿಚುಕಿದರೆ ಅಸಲಿ ಡೌನ್ ಬಹುತೇಕ ಇಲ್ಲವಾಗುತ್ತದೆ, ಬಟ್ಟೆಗೆ ಬಟ್ಟೆ ತಾಗುತ್ತದೆ, ಬಿಟ್ಟರೆ ಕೆಲವು ಕ್ಷಣಗಳಲ್ಲಿ ತಾನೇ ಉಬ್ಬುತ್ತದೆ. ನಾರಿನದು ಹಿಚುಕಿದಾಗಲೂ ನಡುವೆ ಒಂದು ಪದರ ಸಿಗುತ್ತದೆ, ಇಡೀ ಹಾಳೆಯಂತೆ ಜರುಗುತ್ತದೆ. ಬಳಿಕ ಜಾಕೆಟ್ಟನ್ನು ಬೆಳಕಿಗೆ ಹಿಡಿಯಿರಿ. ಭುಜ ಮತ್ತು ಬೆನ್ನಿನ ಅಂಕಣಗಳಲ್ಲಿ ಬೆಳಕು ತೂರಿ ಬಂದರೆ ಸರಕು ಕಡಿಮೆ ತುಂಬಿದ್ದಾರೆ. ಹೊಲಿಗೆಗುಂಟ ಈಗಲೇ ತುಪ್ಪಳ ಇಣುಕುತ್ತಿದ್ದರೆ ವಾಪಸ್ ಇಡಿ. ಒಂದೆರಡು ಎಳೆ ಬರುವುದು ಸಹಜ, ಅಂಗೈ ತುಂಬ ಬಂದರೆ ಬಟ್ಟೆಯ ನೇಯ್ಗೆಯೇ ಸಡಿಲ.

ಜಾಹೀರಾತುಗಳು ಮೆರೆಸುವ ಫಿಲ್ ಪವರ್ ಎಂಬ ಅಂಕಿಯಲ್ಲಿ ಅರ್ಧ ಸತ್ಯವಿದೆ. ಒಂದು ಔನ್ಸ್, ಅಂದರೆ ಸುಮಾರು 28 ಗ್ರಾಂ ಡೌನ್ ಎಷ್ಟು ಘನ ಇಂಚು ಜಾಗ ತುಂಬುತ್ತದೆ ಎಂಬುದೇ ಆ ಅಂಕಿ: 550, 650, 800 ಹೀಗೆ. ಎಷ್ಟು ಗ್ರಾಂ ತುಂಬಿದ್ದಾರೆ ಎಂಬುದನ್ನು ಮಾತ್ರ ಅದು ಹೇಳುವುದಿಲ್ಲ. 800ರ ಡೌನ್ 60 ಗ್ರಾಂ ಇರುವ ಜಾಕೆಟ್ಟಿನಲ್ಲಿ ಸುಮಾರು 1,700 ಘನ ಇಂಚು ಉಬ್ಬು. 600ರದು 100 ಗ್ರಾಂ ಇದ್ದರೆ ಸುಮಾರು 2,100. ಕಡಿಮೆ ಅಂಕಿಯದೇ ಹೆಚ್ಚು ಬೆಚ್ಚಗೆ, ಬೆಲೆಯೂ ಕಡಿಮೆ. 800ರ ಲಾಭ ತೂಕದಲ್ಲಿ ಮತ್ತು ಮಡಿಚಿದಾಗಿನ ಗಾತ್ರದಲ್ಲಿ, ಅದು ಬೆನ್ನಿನ ಮೇಲೆ ಹೊತ್ತು ಬೆಟ್ಟ ಹತ್ತುವವರಿಗೆ ಬೇಕು. ಡೆಕ್ಯಾಥ್ಲಾನ್‌ನಂಥ ಅಂಗಡಿಗಳು ಜಾಕೆಟ್ಟಿಗೆ ಹಾಕುವ ಮೈನಸ್ 5, ಮೈನಸ್ 10 ಎಂಬ ಅಂಕಿಯನ್ನೂ ಹೀಗೇ ಓದಬೇಕು. ಒಳಗೆ ಬೆಚ್ಚನೆಯ ಪದರಗಳಿದ್ದು ಮೈ ಚಲನೆಯಲ್ಲಿರುವಾಗಿನ ಲೆಕ್ಕ ಅದು. ಸ್ಕೂಟರ್ ಮೇಲೆ ಅಲುಗಾಡದೆ ಕುಳಿತವರ ಲೆಕ್ಕ ಬೇರೆ.

ಈ ಸ್ಕೂಟರ್ ವಿಷಯವೇ ಇಲ್ಲಿ ಮುಖ್ಯ. ಮುಂಜಾನೆ ಆರೂವರೆಗೆ ಕೋಚಿಂಗ್‌ಗೆ, ಆಸ್ಪತ್ರೆಯ ಪಾಳಿಗೆ, ಶಾಲೆಯ ಕೆಲಸಕ್ಕೆ ಹೊರಡುವ ಹೆಣ್ಣುಮಕ್ಕಳಿಗೆ ಥಂಡಿ ಹತ್ತುವುದು ನಿಂತಾಗಲ್ಲ, ಗಾಡಿ ಓಡಿದಾಗ. 10 ಡಿಗ್ರಿಯಲ್ಲಿ 40 ಕಿಲೋಮೀಟರ್ ವೇಗದ ಗಾಳಿ ತಾಗಿದರೆ ಬರಿ ಚರ್ಮಕ್ಕೆ ಅದು ಸುಮಾರು 6 ಡಿಗ್ರಿಯಷ್ಟು ಚಳಿ. ತೆಳು ಡೌನ್ ಜಾಕೆಟ್ಟಿನಲ್ಲಿ ಅಡ್ಡಡ್ಡ ಗೆರೆಗಳಿರುತ್ತವಲ್ಲ, ಅಲ್ಲಿ ಹೊರಬಟ್ಟೆ ಮತ್ತು ಅಸ್ತರನ್ನು ಒಟ್ಟಿಗೆ ಸೇರಿಸಿ ಹೊಲಿದಿರುತ್ತಾರೆ. ಆ ಗೆರೆಯಲ್ಲಿ ಡೌನ್ ಇರುವುದಿಲ್ಲ, ಸೂಜಿಯ ತೂತುಗಳಿರುತ್ತವೆ. ಎದೆಗೆ ಗಾಳಿ ಹೊಡೆದರೆ ಮೊದಲು ತಣ್ಣಗಾಗುವುದು ಆ ಗೆರೆಗಳೇ. ಆದ್ದರಿಂದ ಗೆರೆಗಳ ನಡುವೆ ಎರಡೂವರೆ–ಮೂರು ಇಂಚು ಅಂತರವಿರುವುದು ಮೇಲು. ಒಂದೊಂದು ಇಂಚಿಗೆ ಹೊಲಿದದ್ದು ಚೆಂದ ಕಂಡರೂ ಗಾಳಿಗೆ ಸೋಲುತ್ತದೆ. ಪಾರ್ಕಾ ಮಾದರಿಯ ನಿಜವಾದ ಅನುಕೂಲ ಇಲ್ಲಿದೆ: ಡೌನ್ ಅಂಕಣಗಳು ಒಳಗೆ ಅಡಗಿ, ಮೇಲೊಂದು ಗೆರೆಯಿಲ್ಲದ ದಪ್ಪ ಬಟ್ಟೆ ಇರುತ್ತದೆ. ಹಗುರ ತುಂಬಿನ, ಮೇಲ್ಬಟ್ಟೆ ಇಡಿಯಾಗಿರುವ ಪಾರ್ಕಾ ಸಿಕ್ಕರೆ ಬೀದರಿಗೆ ಅದಕ್ಕಿಂತ ಒಳ್ಳೆಯದಿಲ್ಲ. ಸಿಗದಿದ್ದರೆ ತೆಳು ಡೌನ್ ಜಾಕೆಟ್ ಮೇಲೆ ಮಳೆಗಾಲದ ರೇನ್‌ಕೋಟಿನ ಮೇಲಂಗಿ ತೊಟ್ಟು ಗಾಡಿ ಹತ್ತಿದರೂ ಸರಿಯೇ.

ಹೊರಬಟ್ಟೆಯ ನೂಲಿನ ದಪ್ಪವನ್ನು ಡೆನಿಯರ್ ಎಂಬ ಅಳತೆಯಲ್ಲಿ ಹೇಳುತ್ತಾರೆ. 10–15 ಡೆನಿಯರ್ ಬಟ್ಟೆ ಜಾಲಿ ಮುಳ್ಳು ತಾಗಿದರೆ ಸಾಕು, ಹರಿದಂತೆಯೇ. ದಿನಬಳಕೆಗೆ 30ಕ್ಕೆ ಕಡಿಮೆ ಬೇಡ, ಪಾರ್ಕಾ ಆದರೆ 70ರ ಆಸುಪಾಸು. ಟೊಪ್ಪಿಗೆ ಕಳಚುವಂತಿರಲೇಬೇಕು. ಹೆಲ್ಮೆಟ್ ಒಳಗೆ ಅದು ಹಿಡಿಸದು, ಹೊರಗೆ ಬಿಟ್ಟರೆ ಗಾಳಿ ತುಂಬಿ ಕುತ್ತಿಗೆಯನ್ನು ಹಿಂದಕ್ಕೆ ಎಳೆಯುತ್ತದೆ.

ಜಿಪ್ ಎರಡು ಕಡೆಯಿಂದಲೂ ತೆರೆಯುವಂಥದ್ದೇ ಆಗಲಿ. ಅರ್ಧ ತೊಡೆಯುದ್ದದ ಜಾಕೆಟ್ ತೊಟ್ಟು ಸೀಟಿನ ಮೇಲೆ ಕುಳಿತರೆ ಕೆಳಗಿನ ಅಂಚು ಬಿಗಿಯುತ್ತದೆ, ಎಳೆತವೆಲ್ಲ ಜಿಪ್ಪಿನ ತಳದ ಪಿನ್ನಿನ ಮೇಲೆ. ದಿನವೂ ಹೀಗಾದರೆ ಒಂದೇ ಥಂಡಿಗೆ ಆ ಪಿನ್ ಕಿತ್ತು ಬರುತ್ತದೆ. ಕೆಳಗಿನಿಂದ ಆರೇಳು ಇಂಚು ತೆರೆದು ಕುಳಿತರೆ ಆ ತೊಂದರೆಯೇ ಇಲ್ಲ. ಜಿಪ್ಪಿನ ಗಾತ್ರ ಸ್ಲೈಡರಿನ ಹಿಂಬದಿಯಲ್ಲಿ ಅಚ್ಚಾಗಿರುತ್ತದೆ: ತೆಳು ಜಾಕೆಟ್ಟಿಗೆ 5, ಪಾರ್ಕಾಕ್ಕೆ 8 ಅಥವಾ 10. ಅದರ ಹಿಂದೆ ಎರಡು ಬೆರಳಗಲದ ಒಳಪಟ್ಟಿ ಇಲ್ಲದಿದ್ದರೆ ಎದೆಯ ನಟ್ಟನಡುವೆ ಗಾಳಿ ನುಗ್ಗುತ್ತದೆ. ಹಿಂದಿನ ಸೀಟಿನಲ್ಲಿ ಒಂದೇ ಬದಿಗೆ ಕಾಲು ಹಾಕಿ ಕೂರುವವರು ಮೊಣಕಾಲುದ್ದದ್ದನ್ನೂ, ಕೆಳಗೆ ದಾರ ಜೋಲುವಂಥದ್ದನ್ನೂ ತರಬಾರದು. ಚಕ್ರಕ್ಕೆ ಸಿಕ್ಕುವುದು ಸೆರಗೊಂದೇ ಅಲ್ಲ.

ಅಳತೆಯಲ್ಲಿ ಹೆಚ್ಚಿನವರು ಎಡವುವುದು ಕಂಪನಿಯ ಪಟ್ಟಿ ನೋಡಿ. ಅದು ಟಿ–ಷರ್ಟಿನ ಮೇಲೆ ತೊಡುವವರ ಲೆಕ್ಕ. ಇಲ್ಲಿ ಒಳಗೆ ಕುರ್ತಾ, ಸ್ವೆಟರ್, ಇಲ್ಲವೆ ಸೀರೆಯ ಸೆರಗಿನ ಪದರಗಳಿರುತ್ತವೆ. ನಿತ್ಯ ಉಡುವ ಬಟ್ಟೆಯ ಮೇಲೆ ಎದೆಯ ಸುತ್ತಳತೆ ತೆಗೆಯಿರಿ. ಜಾಕೆಟ್ಟನ್ನು ಜಿಪ್ ಹಾಕಿ ಚಪ್ಪಟೆಯಾಗಿ ಹಾಸಿ ಕಂಕುಳಿಂದ ಕಂಕುಳಿಗೆ ಅಳೆದು ದುಪ್ಪಟ್ಟು ಮಾಡಿ. ಎರಡರ ನಡುವೆ ನಾಲ್ಕರಿಂದ ಆರು ಇಂಚು ವ್ಯತ್ಯಾಸ ಬೇಕು. ಬಿಗಿಯಾದರೆ ಡೌನ್ ಅಮುಕಿ ಉಬ್ಬುವುದೇ ಇಲ್ಲ, ಬೆಚ್ಚಗೂ ಆಗುವುದಿಲ್ಲ. ತೀರ ಸಡಿಲವಾದರೆ ಒಂದೊಂದು ಹೆಜ್ಜೆಗೂ ಬಿಸಿಗಾಳಿ ಕುತ್ತಿಗೆಯಿಂದ ಹೊರಬೀಳುತ್ತದೆ. ಅಂಗಡಿಯಲ್ಲಿ ಎರಡೂ ಕೈ ಮುಂದೆ ಚಾಚಿ ಹ್ಯಾಂಡಲ್ ಹಿಡಿದಂತೆ ನಿಂತು ನೋಡಿ. ತೋಳು ಮಣಿಕಟ್ಟಿನಿಂದ ಹಿಂದೆ ಸರಿದರೆ ಒಂದು ಸೈಜ್ ದೊಡ್ಡದು ಕೇಳಿ.

ಸೀರೆಯವರಿಗೆ ಇನ್ನೊಂದಿಷ್ಟು. ಸೆರಗಿನ ನೆರಿಗೆ ಎಡಭುಜದ ಮೇಲೆ ಕೂರುವುದರಿಂದ ತೋಳಿನ ಕಂಡಿ ಅಗಲವಿರಲಿ. ಸೆರಗಿಗೆ ಹಾಕಿದ ಪಿನ್ನಿನ ತುದಿ ಮೇಲ್ಮುಖವಾಗಿದ್ದರೆ ಅಸ್ತರು ಚುಚ್ಚಿ, ಮಧ್ಯಾಹ್ನದೊಳಗೆ ಬ್ಲೌಸಿಗೆಲ್ಲ ಬಿಳಿ ತುಪ್ಪಳ. ಪಿನ್ನನ್ನು ಒಳಮಡಿಕೆಯಲ್ಲಿ ಹಾಕಿ. ಮುಂಗೈಗೆ ವೆಲ್ಕ್ರೋ ಪಟ್ಟಿ ಇರುವುದು ಬೇಡ, ಇಳಕಲ್ ಸೆರಗಿನ ರೇಷ್ಮೆ ಎಳೆ ಅದಕ್ಕೆ ಸಿಕ್ಕಿ ಕಿತ್ತು ಬರುತ್ತದೆ. ಒಳಗೆ ಹೆಣೆದ ಬಿಗಿ ಪಟ್ಟಿ ಇರುವ ಮುಂಗೈ ಗಾಳಿಗೆ ಒಳ್ಳೆಯದು, ಆದರೆ ಕೈತುಂಬ ಗಾಜಿನ ಬಳೆ ಇಟ್ಟವರಿಗೆ ಆಗದು. ಸಾದಾ ಎಲಾಸ್ಟಿಕ್ ಸಾಕು. ತಲೆಗೆ ಕೊಬ್ಬರಿಎಣ್ಣೆ ಹಚ್ಚುವವರ ಜಾಕೆಟ್ಟುಗಳು ಮೊದಲು ಕೆಡುವುದು ಕಾಲರಿನಲ್ಲಿ. ಎಣ್ಣೆ ಬಟ್ಟೆ ದಾಟಿ ಒಳಗಿನ ತುಪ್ಪಳವನ್ನು ಅಂಟಿಸುತ್ತದೆ, ಅಂಟಿದ್ದು ಉಬ್ಬುವುದಿಲ್ಲ. ಕುತ್ತಿಗೆಗೆ ದುಪಟ್ಟಾ ಸುತ್ತಿಕೊಂಡು ತೊಟ್ಟರೆ ತೊಳೆಯುವ ಕೆಲಸ ವರ್ಷಕ್ಕೊಮ್ಮೆಗೆ ಇಳಿಯುತ್ತದೆ.

ಇಷ್ಟೆಲ್ಲ ಬೀದರಿಗೆ, ಬಸವಕಲ್ಯಾಣ, ಔರಾದ, ಭಾಲ್ಕಿ ಕಡೆಗೆ. ಕಲಬುರಗಿ ಬೀದರಿಗಿಂತ ತಗ್ಗಿನಲ್ಲಿದೆ, ಅಲ್ಲಿ ಚಳಿಯ ದಿನ ಕಡಿಮೆ. ತೋಳಿಲ್ಲದ ಡೌನ್ ಜಾಕೆಟ್, ಒಳಗೊಂದು ಉಣ್ಣೆಯ ಸ್ವೆಟರ್ ಧಾರಾಳವಾಯಿತು. ಯಾದಗಿರಿಯವರು ಡೌನಿಗೆ ಹಣ ಹಾಕುವುದೇ ಬೇಡ. ಲುಧಿಯಾನಾದ ಒಳ್ಳೆಯ ಸ್ವೆಟರ್, ಮೇಲೊಂದು ಗಾಳಿ ತಡೆಯುವ ಅಂಗಿ ಸಾಕು.

ತೊಳೆಯುವುದರಲ್ಲಿ ಜಾಕೆಟ್ ಉಳಿಯುತ್ತದೆ ಅಥವಾ ಹಾಳಾಗುತ್ತದೆ. ಮೇಲಿನಿಂದ ಬಟ್ಟೆ ಹಾಕುವ, ನಡುವೆ ತಿರುಗುವ ಕಂಬವಿರುವ ಮಷೀನು ಅಂಕಣಗಳ ಹೊಲಿಗೆ ಕೀಳುತ್ತದೆ. ಮುಂದಿನಿಂದ ಹಾಕುವ ಮಷೀನು ಇದ್ದರೆ 30 ಡಿಗ್ರಿ, ನಾಜೂಕು ಬಟ್ಟೆಯ ಸುತ್ತು; ಇಲ್ಲದಿದ್ದರೆ ದೊಡ್ಡ ಟಬ್. ಜಿಪ್ ಹಾಕಿ, ಕಿಸೆ ಖಾಲಿ ಮಾಡಿ, ಒಳಹೊರಗು ಮಾಡಿ ಮುಳುಗಿಸಿ. ಒಳಗೆ ಗಾಳಿ ಸಿಕ್ಕಿ ತೇಲುತ್ತದೆ, ಅಂಗೈಯಿಂದ ಒತ್ತಿ ಒತ್ತಿ ಗಾಳಿ ಬಿಡಿಸಬೇಕು. ಉಣ್ಣೆಬಟ್ಟೆಗೆಂದು ಮಾರುವ ದ್ರವ ಸೋಪು ಬಕೆಟ್ಟಿಗೆ ಒಂದು ದೊಡ್ಡ ಚಮಚ ಸಾಕು. ಸಾಧಾರಣ ಡಿಟರ್ಜೆಂಟ್ ಪುಡಿಗಳಲ್ಲಿ ಪ್ರೋಟೀನ್ ಕರಗಿಸುವ ಕಿಣ್ವ ಇರುವುದುಂಟು, ತುಪ್ಪಳವೂ ಪ್ರೋಟೀನೇ. ಬ್ಲೀಚ್, ಬಟ್ಟೆ ಮೆದುವಾಗಿಸುವ ಕಂಫರ್ಟ್ ಬೇಡ. ಕಲಬುರಗಿ, ಶಹಾಬಾದ, ಸೇಡಂ ಕಡೆಯ ಸುಣ್ಣದಕಲ್ಲಿನ ನೆಲದ ಬೋರ್ ನೀರು ಗಡಸು. ಸೋಪು ಬಿಡದೆ ಎಳೆಗಳಿಗೆ ಅಂಟಿ ಕೂರುತ್ತದೆ. ಮೂರು ಸಲ ಜಾಲಿಸಿ, ಕೊನೆಯದನ್ನು ಒಂದು ಕ್ಯಾನ್ ಶುದ್ಧ ನೀರಿನಲ್ಲಿ ಮಾಡಿ. ಹಿಂಡಬಾರದು, ಕೊರಳು ಹಿಡಿದು ಎತ್ತಲೂಬಾರದು. ನೀರು ಕುಡಿದ ಡೌನಿನ ಭಾರಕ್ಕೆ ಒಳಗಿನ ಹೊಲಿಗೆ ಬಿಡುತ್ತದೆ. ಎರಡೂ ಕೈ ಅಡಿಗೆ ಕೊಟ್ಟು, ಕೂಸನ್ನು ಎತ್ತಿದಂತೆ ಎತ್ತಬೇಕು.

ಒಣಗಿಸುವುದು ಇನ್ನೂ ಮುಖ್ಯ. ಡ್ರೈಯರ್ ಇದ್ದವರು ಕಡಿಮೆ ಶಾಖದಲ್ಲಿ ಮೂರು ಟೆನಿಸ್ ಚೆಂಡು ಹಾಕಿ ಎರಡು–ಮೂರು ತಾಸು ತಿರುಗಿಸಬಹುದು. ಇಲ್ಲದವರಿಗೆ ನಮ್ಮ ಮಾರ್ಚ್ ತಿಂಗಳೇ ಡ್ರೈಯರ್. ಹೊರಸಿನ ಮೇಲೆ ಬಿಳಿ ಬಟ್ಟೆ ಹಾಸಿ ನೆರಳಿನಲ್ಲಿ ಚಪ್ಪಟೆ ಹರಡಿ. ಹಗ್ಗಕ್ಕೆ ನೇತುಹಾಕಿದರೆ ತುಪ್ಪಳವೆಲ್ಲ ಅಂಕಣಗಳ ತಳಕ್ಕೆ ಇಳಿಯುತ್ತದೆ. ಎರಡು ತಾಸಿಗೊಮ್ಮೆ ಮಗುಚಿ, ಗಂಟುಗಳನ್ನು ಬೆರಳಿಂದ ಬಿಡಿಸಿ. ಹೊರಗೆ ಒಣಗಿದಂತೆ ಕಂಡ ಮೇಲೂ ಇನ್ನೊಂದು ದಿನ ಬಿಡಿ. ಒಳಗೆ ಹಸಿ ಉಳಿದರೆ ಕೋಳಿಯ ವಾಸನೆ ಹಿಡಿಯುತ್ತದೆ, ಆಮೇಲೆ ಏನು ಮಾಡಿದರೂ ಪೂರ್ತಿ ಹೋಗದು.

ಜೂನ್‌ನಿಂದ ಮುಂದೆ ಟ್ರಂಕಿನ ತಳದಲ್ಲಿ ಒತ್ತಿ ಇಡಬೇಡಿ, ಗಾಳಿ ಎಳೆಯುವ ಪ್ಲಾಸ್ಟಿಕ್ ಚೀಲವೂ ಬೇಡ. ಸಡಿಲವಾದ ಹತ್ತಿಯ ದಿಂಬಿನ ಚೀಲದಲ್ಲಿ, ಬಟ್ಟೆಗಳೆಲ್ಲದರ ಮೇಲೆ ಇರಲಿ. ನುಸಿಗುಳಿಗೆಯನ್ನು ನೇರ ತಾಗಿಸಬಾರದು. ಎಲ್ಲಾದರೂ ತುಪ್ಪಳ ಇಣುಕಿದರೆ ಹೊರಗೆ ಎಳೆಯದೆ ಅಸ್ತರಿನ ಕಡೆಯಿಂದ ಚಿವುಟಿ ಒಳಗೆಳೆಯಿರಿ, ತೂತು ತಾನೇ ಕೂಡುತ್ತದೆ. ಹರಿದರೆ ಸೂಜಿ–ದಾರ ಬೇಡ, ಮೂಲೆಗಳನ್ನು ದುಂಡಗೆ ಕತ್ತರಿಸಿದ ನೈಲಾನ್ ಅಂಟುಪಟ್ಟಿ ಹಚ್ಚಿ.

ಹಕ್ಕಿಯ ತುಪ್ಪಳ ಮೈಮೇಲೆ ಬೇಡವೆನ್ನುವ ಮನೆಗಳು ನಮ್ಮ ಕಡೆ ಬಹಳ. ಅವರಿಗೆ ನಾರು ತುಂಬಿದ ಜಾಕೆಟ್ಟೇ ಸರಿ: ಅಷ್ಟೇ ಬಿಸಿಗೆ ತೂಕ ಸ್ವಲ್ಪ ಹೆಚ್ಚು, ಮಡಿಚಿದರೆ ಗಾತ್ರ ಹೆಚ್ಚು, ಆದರೆ ತೊಳೆಯುವುದು ಸುಲಭ, ನೆಂದರೂ ಸೋಲದು. ತುಪ್ಪಳ ಅಡ್ಡಿಯಿಲ್ಲ, ಹಿಂಸೆ ಬೇಡ ಎನ್ನುವವರು ಆರ್‌ಡಿಎಸ್ (ರೆಸ್ಪಾನ್ಸಿಬಲ್ ಡೌನ್ ಸ್ಟ್ಯಾಂಡರ್ಡ್) ಗುರುತು ನೋಡಿ. ಜೀವಂತ ಹಕ್ಕಿಯಿಂದ ಕಿತ್ತ, ಬಲವಂತವಾಗಿ ಉಣಿಸಿ ಬೆಳೆಸಿದ ಹಕ್ಕಿಯ ಸರಕಿಗೆ ಆ ಗುರುತು ಕೊಡುವುದಿಲ್ಲ.

ಓದಿಗೋ ನರ್ಸಿಂಗ್ ಕೆಲಸಕ್ಕೋ ಕೆನಡಾ, ಜರ್ಮನಿಗೆ ಹೊರಟ ಹೆಣ್ಣುಮಕ್ಕಳಿಗೆ ಮಾತ್ರ ಆ ಮೊಣಕಾಲುದ್ದದ ಭಾರಿ ಪಾರ್ಕಾ ಬೇಕು, ಅದನ್ನೂ ಅಲ್ಲಿಯೇ ಕೊಳ್ಳುವುದು ಮೇಲು. ಅಲ್ಲಿ ತೊಟ್ಟು ನೋಡಿ ಬದಲಾಯಿಸಬಹುದು, ಥಂಡಿ ಮುಗಿಯುತ್ತಿದ್ದಂತೆ ಬೆಲೆಯೂ ಇಳಿಯುತ್ತದೆ, ವಿಮಾನದ 23 ಕಿಲೋ ಮಿತಿಯಲ್ಲಿ ಒಂದೂವರೆ–ಎರಡು ಕಿಲೋ ಉಳಿಯುತ್ತದೆ. ಜನವರಿಯಲ್ಲೇ ಇಳಿಯುವವರು ಇಲ್ಲಿಂದ ತೆಳು ಡೌನ್ ಜಾಕೆಟ್ ಮತ್ತು ಅದರ ಮೇಲೆ ಹಿಡಿಸುವ ಗಾಳಿ ತಡೆಯುವ ಅಂಗಿ ಒಯ್ದರೆ ಮೊದಲ ದಿನಗಳು ಕಳೆಯುತ್ತವೆ. ಪಾರ್ಕಾ ಕೊಳ್ಳಲು ಹೋಗುವಾಗ ಆ ತೆಳು ಜಾಕೆಟ್ಟನ್ನು ತೊಟ್ಟೇ ಹೋಗಿ. ಕಡು ಥಂಡಿಯಲ್ಲಿ ಅದು ಒಳಪದರವಾಗಬೇಕು, ಅಳತೆಯನ್ನು ಅದರ ಮೇಲೆಯೇ ನೋಡಬೇಕು.