ಗೂಗಲ್ ಪೋಸ್ಟ್‌ಮಾಸ್ಟರ್ ಟೂಲ್ಸ್: ವರ್ಷಗಟ್ಟಲೆ ಬಳಸಿದ ಮೇಲೆ ಅನಿಸಿದ್ದು

ಕನ್ನಡ ಪುಸ್ತಕದ ಅಂಗಡಿಯೊಂದರಲ್ಲಿ ಓದುಗರಿಗೆ ಇಮೇಲ್ ಕಳಿಸುವ ಕೆಲಸ ನನ್ನದು. ಹೊಸ ಪುಸ್ತಕ ಬಂದಾಗ, ರಾಜ್ಯೋತ್ಸವದ ರಿಯಾಯಿತಿ ಶುರುವಾದಾಗ ಮೇಲ್ ಹೋಗಬೇಕು, ಅದು ಇನ್‌ಬಾಕ್ಸ್‌ಗೇ ಬೀಳಬೇಕು. ನಮ್ಮ ಪಟ್ಟಿಯಲ್ಲಿ ಬಹುಪಾಲು ಜಿಮೇಲ್ ವಿಳಾಸಗಳೇ. ಹಾಗಾಗಿ ನಾವು ಕಳಿಸಿದ ಮೇಲ್‌ಗಳನ್ನು ಜಿಮೇಲ್ ಹೇಗೆ ನೋಡುತ್ತಿದೆ ಅಂತ ತೋರಿಸುವ ಗೂಗಲ್‌ನ ಈ ಉಚಿತ ಸೇವೆಯನ್ನು ಮೊದಲಿನಿಂದಲೂ ನೆಚ್ಚಿಕೊಂಡಿದ್ದೇನೆ. ಚೆನ್ನಾಗಿದೆ. ಆದರೆ ಇದು ಏನನ್ನು ತೋರಿಸುವುದಿಲ್ಲ ಅನ್ನುವುದು ಗೊತ್ತಿರಬೇಕು, ಇಲ್ಲದಿದ್ದರೆ ಸುಳ್ಳು ಧೈರ್ಯ ಬರುತ್ತದೆ.

ಶುರು ಮಾಡುವುದು ಸುಲಭ. ಡೊಮೇನ್ (ಇಮೇಲ್ ವಿಳಾಸದಲ್ಲಿ @ ಆದಮೇಲೆ ಬರುವ ಹೆಸರು) ನಮ್ಮದೇ ಅಂತ ತೋರಿಸಲು ಅದರ ಡಿಎನ್‌ಎಸ್‌ಗೆ, ಅಂದರೆ ಆ ಹೆಸರಿನ ಸಾರ್ವಜನಿಕ ದಾಖಲೆಗೆ, ಗೂಗಲ್ ಕೊಡುವ ಒಂದು ಸಾಲು (ಟಿಎಕ್ಸ್‌ಟಿ ರೆಕಾರ್ಡ್) ಸೇರಿಸಿದರೆ ಆಯಿತು. ಅಂಕಿಗಳು ತಕ್ಷಣ ಬರುವುದಿಲ್ಲ, ಒಂದೆರಡು ದಿನ ಕಾಯಬೇಕು. ಕಡಿಮೆ ಮೇಲ್ ಹೋದ ದಿನ ಗ್ರಾಫ್ ಖಾಲಿ ಇರುತ್ತದೆ.

ನಾನು ಮೊದಲು ನೋಡುವುದು ಸ್ಪ್ಯಾಮ್ ದರ. 2024ರ ಫೆಬ್ರವರಿಯಿಂದ ಜಿಮೇಲ್ ನಿಯಮ ಬಿಗಿಯಾಗಿದೆ. ಈ ದರ 0.3 ಶೇಕಡಾ ಮುಟ್ಟಬಾರದು, 0.1ರ ಒಳಗಿದ್ದರೆ ಒಳ್ಳೆಯದು. ಅಂದರೆ ಸಾವಿರ ಜನರಲ್ಲಿ ಮೂವರು ‘ಸ್ಪ್ಯಾಮ್’ ಅಂತ ಒತ್ತಿದರೂ ಕಷ್ಟ. ದಿನಕ್ಕೆ 5000ಕ್ಕಿಂತ ಜಾಸ್ತಿ ಕಳಿಸುವವರಿಗೆ ಮೇಲ್ ನಿಜಕ್ಕೂ ಅವರ ಡೊಮೇನ್‌ನದ್ದೇ ಅಂತ ಸಾಬೀತುಪಡಿಸುವ ಎಸ್‌ಪಿಎಫ್, ಡಿಕೆಐಎಂ, ಡಿಮಾರ್ಕ್ ಎಂಬ ವ್ಯವಸ್ಥೆಗಳು ಮೂರೂ ಬೇಕು. ಜಾಹೀರಾತಿನ ಮೇಲ್ ಆದರೆ ಒಂದೇ ಕ್ಲಿಕ್ಕಿಗೆ ಅನ್‌ಸಬ್‌ಸ್ಕ್ರೈಬ್ ಆಗಬೇಕು. ಇವೆಲ್ಲ ಸರಿಯಿವೆಯಾ ಅಂತ ಈಗ ಒಂದೇ ಪುಟದಲ್ಲಿ ಕಾಣುತ್ತದೆ. ನನಗೆ ಅತಿ ಹೆಚ್ಚು ಉಪಯೋಗಕ್ಕೆ ಬಂದಿದ್ದು ಆ ಪುಟವೇ.

ಇಲ್ಲೊಂದು ಸೂಕ್ಷ್ಮ ಇದೆ. ಸ್ಪ್ಯಾಮ್ ದರದ ಲೆಕ್ಕಕ್ಕೆ ಬರುವುದು ಇನ್‌ಬಾಕ್ಸ್ ತಲುಪಿದ ಮೇಲ್‌ಗಳು ಮಾತ್ರ. ಜಿಮೇಲ್ ತಾನಾಗಿಯೇ ಸ್ಪ್ಯಾಮ್ ಫೋಲ್ಡರ್‌ಗೆ ತಳ್ಳಿದ ಮೇಲನ್ನು ಯಾರೂ ನೋಡುವುದಿಲ್ಲ, ದೂರುವುದೂ ಇಲ್ಲ. ಪರಿಸ್ಥಿತಿ ಹದಗೆಟ್ಟಾಗಲೇ ಗ್ರಾಫ್ ಚೆಂದ ಕಾಣಬಹುದು! ದರ ಇಳಿಯಿತು, ಜೊತೆಗೆ ಕ್ಲಿಕ್ಕುಗಳೂ ಆರ್ಡರ್‌ಗಳೂ ಇಳಿದವು ಅಂದರೆ ಖುಷಿಪಡಬೇಡಿ.

ಇನ್ನು ಸ್ಪ್ಯಾಮ್ ಟ್ರ್ಯಾಪ್. ಇದರ ಬಗ್ಗೆ ಪೋಸ್ಟ್‌ಮಾಸ್ಟರ್ ಟೂಲ್ಸ್‌ನಲ್ಲಿ ಒಂದು ಸಾಲೂ ಸಿಗುವುದಿಲ್ಲ. ಜ್ವರ ಎಷ್ಟಿದೆ ಅಂತ ಹೇಳುತ್ತದೆ, ಯಾಕೆ ಬಂತು ಅಂತ ಹೇಳುವುದಿಲ್ಲ. ಟ್ರ್ಯಾಪ್ ಅಂದರೆ ಒಪ್ಪಿಗೆಯಿಲ್ಲದೆ ಮೇಲ್ ಕಳಿಸುವವರನ್ನು ಹಿಡಿಯಲು ಬಲೆಯಾಗಿ ಇಟ್ಟಿರುವ ವಿಳಾಸ; ಅದಕ್ಕೆ ಮೇಲ್ ಹೋದರೆ ಕಳಿಸಿದವರ ಹೆಸರು ಕೆಡುತ್ತದೆ. ಕೆಲವನ್ನು ಯಾವ ಮನುಷ್ಯನೂ ಎಂದೂ ಬಳಸಿರುವುದಿಲ್ಲ; ವಿಳಾಸ ಕದಿಯುವ ಪ್ರೋಗ್ರಾಮ್‌ಗಳಿಗೆ ಸಿಗಲಿ ಅಂತಲೇ ವೆಬ್‌ಪುಟಗಳಲ್ಲಿ ಹುದುಗಿಸಿರುತ್ತಾರೆ. ಕೆಲವು ಯಾರೋ ಬಿಟ್ಟುಹೋದ ಹಳೆಯ ವಿಳಾಸಗಳು. ಇನ್ನು ಕೆಲವು ಕಾಗುಣಿತ ತಪ್ಪಿದ ಡೊಮೇನ್‌ಗಳಲ್ಲಿ ಇರುತ್ತವೆ.

ನಮಗೆ ಹತ್ತಿರದ್ದು ಈ ಮೂರನೆಯದು. ಸಾಹಿತ್ಯ ಸಮ್ಮೇಳನದ ಮಳಿಗೆಯಲ್ಲಿ ಮೇಜಿನ ಮೇಲೆ ಒಂದು ರಿಜಿಸ್ಟರ್ ಇಟ್ಟಿರುತ್ತೇವೆ. ಹಿಂದೆ ಜನ ನೂಕುತ್ತಿರುತ್ತಾರೆ, ಓದುಗರು ನಿಂತುಕೊಂಡೇ ಇಮೇಲ್ ಬರೆಯುತ್ತಾರೆ. ‘ಆರ್’ ‘ಎನ್’ ಒತ್ತೊತ್ತಾಗಿ ಬಿದ್ದರೆ ‘ಎಂ’ ಥರ ಕಾಣುತ್ತದೆ. ಟೈಪ್ ಮಾಡುವಾಗ ಜಿಮೇಲ್‌ನಲ್ಲಿ ‘ಎ’, ‘ಐ’ ಅದಲುಬದಲಾಗುತ್ತವೆ, ಕೊನೆಯ ‘ಕಾಮ್’ನಲ್ಲಿ ‘ಓ’ ಬಿಟ್ಟುಹೋಗುತ್ತದೆ. ಈಗ ರಿಜಿಸ್ಟರ್ ಪಕ್ಕದಲ್ಲೇ ಕ್ಯೂಆರ್ ಕೋಡ್ ಇದೆ, ಓದುಗರೇ ತುಂಬುತ್ತಾರೆ. ಯಾವ ದಾರಿಯಿಂದ ಬಂದ ವಿಳಾಸವೇ ಆಗಲಿ, ಮೊದಲು ಒಂದು ದೃಢೀಕರಣದ ಮೇಲ್ ಹೋಗುತ್ತದೆ. ಅದರಲ್ಲಿನ ಕೊಂಡಿ ಒತ್ತಿದವರು ಮಾತ್ರ ಪಟ್ಟಿಗೆ. ಪಟ್ಟಿ ಬೆಳೆಯುವುದು ನಿಧಾನ, ನಿಜ. ಆದರೆ ಬಲೆಯ ವಿಳಾಸ ಕೂತು ಕೊಂಡಿ ಒತ್ತುವುದಿಲ್ಲ ಅಲ್ವಾ?

ಹಳೆಯ ವಿಳಾಸಗಳ ವಿಷಯವೂ ಇದೆ. ಎರಡು ವರ್ಷ ಮುಟ್ಟದ ಖಾತೆಗಳನ್ನು ಅಳಿಸುವ ನಿಯಮವನ್ನು ಗೂಗಲ್ 2023ರ ಡಿಸೆಂಬರ್‌ನಿಂದ ಜಾರಿ ಮಾಡಿದೆ. ‘550 5.1.1’ (ಅಂಥ ವಿಳಾಸವೇ ಇಲ್ಲ ಅನ್ನುವ ಕೋಡ್) ಅಂತ ವಾಪಸ್ ಬಂದ ವಿಳಾಸವನ್ನು ನಾನು ಅವತ್ತೇ ತೆಗೆಯುತ್ತೇನೆ. ಬೇರೆ ಕಡೆಯ ಸತ್ತ ವಿಳಾಸಗಳು ಕೆಲವು ತಿಂಗಳು ಬೌನ್ಸ್ ಆಗಿ (ಮೇಲ್ ವಾಪಸ್ ಕಳಿಸಿ), ಆಮೇಲೆ ಸದ್ದಿಲ್ಲದೆ ಬಲೆಯಾಗಬಹುದು. ಆ ಬೌನ್ಸ್‌ಗಳೇ ನಮಗೆ ಸಿಗುವ ಎಚ್ಚರಿಕೆ. ಆದರೆ ವಿಳಾಸ ಬಳಕೆಯಲ್ಲಿದೆಯಾ ಅಂತ ತಿಳಿಯಲು ಓಪನ್ ದರವನ್ನು, ಅಂದರೆ ಎಷ್ಟು ಜನ ಮೇಲ್ ತೆರೆದರು ಅನ್ನುವ ಲೆಕ್ಕವನ್ನು, ನಂಬಬೇಡಿ. 2021ರಲ್ಲಿ ಆಪಲ್ ತನ್ನ ಮೇಲ್ ಆಪ್‌ಗೆ ಖಾಸಗಿತನದ ರಕ್ಷಣೆ ತಂದ ಮೇಲೆ, ಅದನ್ನು ಹಾಕಿಕೊಂಡವರು ಮೇಲ್ ತೆರೆಯದಿದ್ದರೂ ತೆರೆದ ಹಾಗೆ ಕಾಣಬಹುದು. ಒಂದು ವರ್ಷ ಕ್ಲಿಕ್ಕೂ ಇಲ್ಲ, ಖರೀದಿಯೂ ಇಲ್ಲ ಅಂದರೆ ‘ಮೇಲ್ ಮುಂದುವರಿಸೋಣವೇ?’ ಅಂತ ಒಮ್ಮೆ ಕೇಳಿ, ಉತ್ತರ ಬರದಿದ್ದರೆ ಕಳಿಸುವುದನ್ನು ನಿಲ್ಲಿಸುತ್ತೇವೆ.

‘ಬೆಂಗಳೂರಿನ ಪುಸ್ತಕಪ್ರಿಯರ ಇಮೇಲ್ ಪಟ್ಟಿ ಇದೆ, ಕಡಿಮೆ ರೇಟಿಗೆ ಕೊಡ್ತೀವಿ’ ಅಂತ ಫೋನ್ ಬರುತ್ತಲೇ ಇರುತ್ತದೆ. ದಯವಿಟ್ಟು ಕೊಳ್ಳಬೇಡಿ. ಆ ಪಟ್ಟಿಯಲ್ಲಿರುವ ಯಾರೂ ನಿಮಗೆ ಒಪ್ಪಿಗೆ ಕೊಟ್ಟಿಲ್ಲ. ಬಲೆಗಳು ಜಾಸ್ತಿ ಸಿಗುವುದೂ ಅಲ್ಲಿಯೇ.

ಕೊರತೆಗಳೂ ಇವೆ. ಇದರಲ್ಲಿ ಜಿಮೇಲ್ ಬಿಟ್ಟು ಬೇರೇನೂ ಕಾಣುವುದಿಲ್ಲ. ಔಟ್‌ಲುಕ್‌ಗಾಗಿ ಇಂಥದ್ದೇ ಕೆಲಸ ಮಾಡುವ ಮೈಕ್ರೋಸಾಫ್ಟ್‌ನ ಎಸ್‌ಎನ್‌ಡಿಎಸ್ ಎಂಬ ಸೇವೆ ಇದೆ. ಅದರಲ್ಲಿ ಟ್ರ್ಯಾಪ್‌ಗೆ ಬಿದ್ದ ಲೆಕ್ಕವೂ ಸಿಗುತ್ತದೆ, ಆದರೆ ಸ್ವಂತ ಐಪಿ (ಮೇಲ್ ಕಳಿಸುವ ಸರ್ವರ್‌ನ ವಿಳಾಸ ಸಂಖ್ಯೆ) ಬೇಕು. ನಮ್ಮಂತೆ ಬೇರೆಯವರ ಸೇವೆಯಲ್ಲಿ ಐಪಿ ಹಂಚಿಕೊಂಡವರಿಗೆ ಅದು ದಕ್ಕುವುದಿಲ್ಲ. ಹಾಗಾಗಿ ಸ್ಪ್ಯಾಮ್‌ಹೌಸ್ ತಾಣದಲ್ಲಿ ನಮ್ಮ ಡೊಮೇನ್ ಕಪ್ಪುಪಟ್ಟಿಗೆ ಸೇರಿದೆಯಾ ಅಂತ ಆಗಾಗ ನೋಡಿಕೊಳ್ಳುತ್ತೇನೆ. ಅದಕ್ಕೂ ದುಡ್ಡು ಕೊಡಬೇಕಿಲ್ಲ.

ದೊಡ್ಡ ಪಟ್ಟಿ ಇರುವವರಿಗೆ ಐದಕ್ಕೆ ನಾಲ್ಕು ಸ್ಟಾರ್. ವಾರಕ್ಕೆ ಐವತ್ತೋ ನೂರೋ ಮೇಲ್ ಕಳಿಸುವವರು ಇದನ್ನು ತೆರೆದು ಕೂರುವುದರ ಬದಲು ದೃಢೀಕರಣದ ಮೇಲ್ ಒಂದನ್ನು ಮೊದಲು ಜೋಡಿಸಿಕೊಳ್ಳಲಿ.